ಮಟ್ಟೆ, ಮೀಟರು, ಬಿಸಿಲು: ಬಿಸಿನೀರಿನ ಖರ್ಚು ಯಾರ ಲೆಕ್ಕಕ್ಕೆ?

ತುಮಕೂರು ಜಿಲ್ಲೆಯಲ್ಲಿ ಯಾರಾದರೂ "ನಮ್ಮೂರು ಉಪ್ಪಾರಹಳ್ಳಿ" ಅಂದರೆ, "ಯಾವ ಉಪ್ಪಾರಹಳ್ಳಿ?" ಅಂತ ಇನ್ನೊಂದು ಪ್ರಶ್ನೆ ಕೇಳಲೇಬೇಕು. ತುಮಕೂರು ನಗರದೊಳಗೇ ಒಂದಿದೆ. ಗುಬ್ಬಿ ಕಡೆ ಒಂದಿದೆ, ಕುಣಿಗಲ್ ಕಡೆ ಇನ್ನೊಂದು. ಮೂರಕ್ಕೂ ಹೆಸರು ಒಂದೇ, ಮೇಲೆ ಬೀಳುವ ಬಿಸಿಲೂ ಹೆಚ್ಚು ಕಡಿಮೆ ಒಂದೇ. ಆದರೆ ಬೆಳಗ್ಗೆ ಸ್ನಾನಕ್ಕೆ ನೀರು ಕಾಯಿಸುವ ವಿಚಾರಕ್ಕೆ ಬಂದರೆ, ನಗರದ ಮನೆ ಮತ್ತು ಹಳ್ಳಿಯ ಮನೆ ಎರಡು ಬೇರೆ ಪ್ರಪಂಚಗಳು.

"ಇಷ್ಟೊಂದು ಬಿಸಿಲಿರೋ ಊರಲ್ಲಿ ಯಾಕೆ ಎಲ್ಲರೂ ಸೋಲಾರ್ ಹಾಕಿಸಲ್ಲ?" ಅನ್ನೋದು ಪದೇ ಪದೇ ಕೇಳಿಬರುವ ಪ್ರಶ್ನೆ. ಜನರಿಗೆ ಅರಿವಿಲ್ಲ, ಜಾಗೃತಿ ಮೂಡಿಸಬೇಕು ಅನ್ನೋದು ಸಿದ್ಧ ಉತ್ತರ. ನನಗೆ ಹಾಗನ್ನಿಸಲ್ಲ. ಜನ ತಮ್ಮ ಮನೆಯ ಲೆಕ್ಕವನ್ನ ಸರಿಯಾಗೇ ಹಾಕುತ್ತಿದ್ದಾರೆ. ತಪ್ಪಿರುವುದು ಲೆಕ್ಕದ ಕೆಳಗಿರುವ ಬೆಲೆಗಳಲ್ಲಿ. ಸೌದೆಗೆ ಬೆಲೆ ಇಲ್ಲ, ಗೃಹಜ್ಯೋತಿಯ ಕರೆಂಟಿಗೆ ಬೆಲೆ ಇಲ್ಲ, ಬಿಸಿಲಿಗೂ ಬೆಲೆ ಇಲ್ಲ. ಈ ಮೂರು ಪುಕ್ಕಟೆಗಳಲ್ಲಿ ಮೊದಲೇ ಕೈಯಿಂದ ಇಪ್ಪತ್ತು ಸಾವಿರ ಕೇಳುವುದು ಬಿಸಿಲು ಮಾತ್ರ.

ಒಂದು ಬಕೆಟ್ಟಿನ ಲೆಕ್ಕ

ಇಂಜಿನಿಯರಿಂಗ್ ಓದಿದ್ದರಿಂದ ಉಳಿದುಕೊಂಡ ಒಂದೇ ಚಟ ಅಂದರೆ ಲೆಕ್ಕ ಹಾಕುವುದು. ಇದು ಸುಲಭದ ಲೆಕ್ಕ, ನೀವೂ ಹಾಕಬಹುದು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. 860 ಕಿಲೋ ಕ್ಯಾಲೊರಿ ಸೇರಿದರೆ ಒಂದು ಯೂನಿಟ್ ಕರೆಂಟಿಗೆ ಸಮ. ನಾಲ್ಕು ಜನರ ಮನೆ, ತಲೆಗೆ 20 ಲೀಟರಿನ ಒಂದು ಬಕೆಟ್. ಒಟ್ಟು 80 ಲೀಟರ್. ನೀರು 25 ಡಿಗ್ರಿ ಇದ್ದದ್ದು 42 ಡಿಗ್ರಿ ಆಗಬೇಕು, ಅಂದರೆ 17 ಡಿಗ್ರಿ ಏರಬೇಕು. 80ನ್ನು 17ರಿಂದ ಗುಣಿಸಿದರೆ 1,360 ಕಿಲೋ ಕ್ಯಾಲೊರಿ, ಸುಮಾರು 1.6 ಯೂನಿಟ್. ತಿಂಗಳಿಗೆ 47. ಗೀಸರ್ ಟ್ಯಾಂಕ್ ತಣ್ಣಗಾಗುವುದು, ಪೈಪಿನಲ್ಲಿ ಉಳಿಯುವ ನೀರು ಇತ್ಯಾದಿ ಸೇರಿಸಿದರೆ 50 ದಾಟುತ್ತೆ. ಚಳಿಗಾಲದಲ್ಲಿ ಇನ್ನೂ ಹೆಚ್ಚು.

50 ಯೂನಿಟ್ ಅನ್ನೋದು ಸಣ್ಣ ಸಂಖ್ಯೆ ಅಲ್ಲ. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿ, ಮಿಕ್ಸಿ ಇರುವ ಹಳ್ಳಿ ಮನೆ ಇಡೀ ತಿಂಗಳು ಉರಿಸುವ ಕರೆಂಟು ಅಷ್ಟೂ ಇರಲ್ಲ. ಗೀಸರ್ ಬಂತು ಅಂದರೆ ಮೀಟರ್ ದುಪ್ಪಟ್ಟಾಯಿತು ಅಂತಲೇ ಅರ್ಥ.

ಇದೇ 1,360 ಕಿಲೋ ಕ್ಯಾಲೊರಿಯನ್ನ ಒಲೆಯಿಂದ ಪಡೆಯೋಣ. ಮೂರು ಕಲ್ಲಿನ ಮೇಲೋ ಗೋಡೆಯೊಳಗೋ ಕೂರಿಸಿದ ಹಂಡೆ ಒಲೆಯಲ್ಲಿ ಹೆಚ್ಚಿನ ಶಾಖ ಹೊಗೆ ಜೊತೆ ಹೊರಟುಹೋಗುತ್ತೆ. ನೂರಕ್ಕೆ ಹದಿನೈದು ಪಾಲು ನೀರಿಗೆ ಸೇರಿತು ಅಂತ ಇಟ್ಟುಕೊಂಡರೂ ದಿನಕ್ಕೆ ಎರಡೂವರೆ ಕೆಜಿ ಒಣ ಕಾಯಿಮಟ್ಟೆ ಬೇಕು. ವರ್ಷಕ್ಕೆ ಒಂದು ಟನ್ನಿನ ಹತ್ತಿರ.

ಮಟ್ಟೆ ನಿಜವಾಗಿ ಪುಕ್ಕಟೆಯಾ?

ಗುಬ್ಬಿ, ತಿಪಟೂರು, ಕುಣಿಗಲ್ ಕಡೆ ತೆಂಗಿನ ತೋಟ ಇರುವ ಮನೆಯಲ್ಲಿ ಈ ಪ್ರಶ್ನೆ ಕೇಳಿದರೆ ನಗುತ್ತಾರೆ. ಮಟ್ಟೆ, ಕರಟ, ಒಣಗಿ ಬಿದ್ದ ಗರಿ ಎಲ್ಲಾ ಹಿತ್ತಲಲ್ಲೇ ರಾಶಿ ಬಿದ್ದಿರುತ್ತೆ. "ಸೌದೆಗೇನು ದುಡ್ಡು ಕೊಡ್ತೀವಾ?" ಅನ್ನೋ ಮಾತಿಗೆ ಎದುರಾಡುವುದು ಕಷ್ಟ. ಒಲೆ ಉರಿದ ಮೇಲೆ ಬೂದಿ ಪಾತ್ರೆ ತೊಳೆಯೋಕೆ, ತೋಟಕ್ಕೆ ಆಗುತ್ತೆ. ಹಂಡೆ ನೀರಿನ ಹಿತ ಗೀಸರ್ ನೀರಿಗಿಲ್ಲ ಅನ್ನುವವರೂ ಇದ್ದಾರೆ.

ಆದರೆ ಮಟ್ಟೆಗೆ ಈಗ ಬೇರೆ ಗಿರಾಕಿಗಳಿದ್ದಾರೆ. ನಾರಿನ ಫ್ಯಾಕ್ಟರಿಯವರು ಕೊಳ್ಳುತ್ತಾರೆ. ಕರಟ ಇದ್ದಿಲಿಗೆ ಹೋಗುತ್ತೆ. ಮಾರದಿದ್ದರೂ, ಮಟ್ಟೆಯನ್ನ ತೆಂಗಿನ ಬುಡದ ಸುತ್ತ ಗುಂಡಿ ತೋಡಿ ಹೂಳಿದರೆ ಮಳೆ ನೀರು ಹಿಡಿದಿಟ್ಟುಕೊಳ್ಳುತ್ತೆ, ಪೊಟ್ಯಾಷ್ ಕೊಡುತ್ತೆ. ಬೋರ್‌ವೆಲ್ ಬತ್ತುತ್ತಿರುವ ಜಿಲ್ಲೆಯಲ್ಲಿ ಅದು ಸಣ್ಣ ವಿಷಯ ಅಲ್ಲ. ಬಚ್ಚಲ ಒಲೆಗೆ ಹಾಕಿದ ಟನ್ ಮಟ್ಟೆ ತೋಟದ ತೇವದಿಂದ ಕಿತ್ತುಕೊಂಡದ್ದು.

ಇದಕ್ಕಿಂತ ದೊಡ್ಡ ಖರ್ಚು ಇನ್ನೊಂದಿದೆ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಬರಲ್ಲ. ಬೆಳಗಿನ ಜಾವ ಎದ್ದು ಮಟ್ಟೆ ಹೊತ್ತು ತಂದು, ಊದಿ ಉರಿ ಹಚ್ಚಿ, ಎಲ್ಲರ ಸ್ನಾನ ಮುಗಿಯುವ ತನಕ ಉರಿ ನೋಡಿಕೊಳ್ಳುವವರು ಯಾರು? ಬಹುತೇಕ ಮನೆಗಳಲ್ಲಿ ಹೆಂಗಸರು. ಹೊಗೆ ಕುಡಿಯುವವರೂ ಅವರೇ. ಮಳೆಗಾಲದಲ್ಲಿ ಮಟ್ಟೆ ಹಸಿಯಾದಾಗ ಉರಿಯೂ ಬರಲ್ಲ, ಹೊಗೆ ಮಾತ್ರ ಬರುತ್ತೆ. ಮನೆಗೆ ಹೀಟರ್ ಬೇಕೋ ಬೇಡವೋ ಅನ್ನೋ ತೀರ್ಮಾನ ಮಾಡುವ ಗಂಡಸಿಗೆ ನೀರು ಬಿಸಿಯಾಗಿ ಬಕೆಟ್ಟಿನಲ್ಲೇ ಸಿಗುತ್ತೆ. ಅವನ ಲೆಕ್ಕದಲ್ಲಿ ಮಟ್ಟೆ ಪುಕ್ಕಟೆ ಅನ್ನೋದು ನಿಜವೇ.

ಈ ಮಾತನ್ನ ನಾನು ಹೊಸದಾಗಿ ಹೇಳುತ್ತಿಲ್ಲ. ಹಳ್ಳಿ ಮನೆಯ ಇಂಧನವನ್ನ ದೇಶದಲ್ಲೇ ಮೊದಮೊದಲು ಕೂತು ಅಳೆದ ಜಾಗಗಳಲ್ಲಿ ಇದೇ ಕುಣಿಗಲ್ ತಾಲ್ಲೂಕು ಒಂದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು, ಸುತ್ತಲ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಸೌದೆ ತೂಕ ಹಾಕಿತು, ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಅಂತ ಬರೆದುಕೊಂಡಿತು. ಹಳ್ಳಿಯ ಇಂಧನದಲ್ಲಿ ಸಿಂಹಪಾಲು ಹೋಗುವುದು ಪಂಪ್‌ಸೆಟ್ಟಿಗಲ್ಲ, ಒಲೆಗೆ ಅಂತ ಗೊತ್ತಾಯಿತು. ಅದರಲ್ಲಿ ಅಡುಗೆ ಮೊದಲು, ಸ್ನಾನದ ನೀರು ಎರಡನೆಯದು. ಹೊಗೆಕೊಳವೆ ಇರುವ 'ಅಸ್ತ್ರ ಒಲೆ' ಬಂದದ್ದು ಈ ಕೆಲಸದಿಂದ. ಪಕ್ಕದ ಪುರ ಅನ್ನೋ ಹಳ್ಳಿಯಲ್ಲಿ ಗೋಬರ್ ಗ್ಯಾಸಿನಿಂದ ಕರೆಂಟು ಮಾಡಿ ನೀರೆತ್ತಿ ನಲ್ಲಿಗೆ ಬಿಟ್ಟರು. ಅಡುಗೆಗೆ ಗ್ಯಾಸ್ ಕೊಡುವ ಮೊದಲ ಯೋಜನೆಗಿಂತ ನಲ್ಲಿ ನೀರೇ ಜನಕ್ಕೆ ಹೆಚ್ಚು ಬೇಕಾಗಿತ್ತು. ಈ ಪಾಠ ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಗೃಹಜ್ಯೋತಿ ಯಾರ ಗೀಸರಿಗೆ ಪುಕ್ಕಟೆ?

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯನ್ನ ಎಲ್ಲರೂ "200 ಯೂನಿಟ್ ಫ್ರೀ" ಅಂತಲೇ ಹೇಳುತ್ತೇವೆ. ನಿಯಮ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದು ನಿಮ್ಮ ಉಚಿತ ಪಾಲು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವುದು ಅಂತ 2024ರಲ್ಲಿ ತಿದ್ದುಪಡಿ ಆಯಿತು. ಪಾಲು ಮೀರಿ 200ರೊಳಗೆ ಇದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲು.

ಈಗ ಲೆಕ್ಕಕ್ಕೆ ಮೂರು ಮನೆ ಇಟ್ಟುಕೊಳ್ಳೋಣ. ಮೂರು ಉಪ್ಪಾರಹಳ್ಳಿಗೆ ಒಂದೊಂದು.

ಮೊದಲನೆಯದು ತುಮಕೂರು ನಗರದ ಮನೆ. ಗೀಸರ್ ಮೊದಲಿಂದಲೂ ಇದೆ. 2022-23ರ ಸರಾಸರಿ 140 ಯೂನಿಟ್. ಉಚಿತ ಪಾಲು 154. ಇವರ ಗೀಸರಿನ 50 ಯೂನಿಟ್ ಈ ಪಾಲಿನೊಳಗೇ ಬಂತು. ಸೋಲಾರ್ ಹಾಕಿಸುವ ಮೊದಲು ಬಿಲ್ಲು ಸೊನ್ನೆ, ಹಾಕಿಸಿದ ಮೇಲೂ ಸೊನ್ನೆ. ಇವರು ಯಾಕೆ ಹಾಕಿಸಬೇಕು? ಬೆಸ್ಕಾಂ ಸೋಲಾರ್ ಹೀಟರ್ ಇರುವ ಮನೆಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿ ಇಟ್ಟಿತ್ತು. ಸೊನ್ನೆ ಬಿಲ್ಲಿನಲ್ಲಿ ಎಲ್ಲಿಂದ ಕಳೆಯೋದು? ನಗರ ಪ್ರದೇಶದ ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಅಂತ 2007ರಲ್ಲೇ ಆದೇಶ ಬಂದಿದೆ. ಆದರೆ ಕೆಟ್ಟದ್ದನ್ನ ರಿಪೇರಿ ಮಾಡಿಸಲು ಯಾವ ಆದೇಶವೂ ಇಲ್ಲ, ಕಾರಣವೂ ಈಗ ಉಳಿದಿಲ್ಲ. ಚಳಿಗಾಲದಲ್ಲಿ 200ರ ಗೆರೆ ದಾಟುವ ಭಯ ಇರುವ ಮನೆಗೆ ಮಾತ್ರ ಸೋಲಾರ್ ಒಂದು ರಕ್ಷಣೆ. ಒಂದೇ ಯೂನಿಟ್ ಹೆಚ್ಚಾದರೂ ಸಾವಿರ ರೂಪಾಯಿಗೂ ಮೀರಿದ ಬಿಲ್ಲು ಬರುತ್ತೆ.

ಎರಡನೆಯದು ಗುಬ್ಬಿ ಕಡೆಯ ತೋಟದ ಮನೆ. 2022-23ರಲ್ಲಿ ಹಂಡೆ ಒಲೆ. ಹಾಗಾಗಿ ಸರಾಸರಿ 40 ಯೂನಿಟ್, ಉಚಿತ ಪಾಲು 50. ಈಗ ಗೀಸರ್ ತಂದರೆ ಅದರ 50 ಯೂನಿಟ್‌ನಲ್ಲಿ ಬಹುಪಾಲಿಗೆ ದುಡ್ಡು ಕಟ್ಟಬೇಕು. ತೆರಿಗೆ, ಸರ್‌ಚಾರ್ಜ್ ಸೇರಿ ಯೂನಿಟ್‌ಗೆ ಆರೂವರೆ ರೂಪಾಯಿ ಹಿಡಿದರೂ ತಿಂಗಳಿಗೆ ಮುನ್ನೂರರ ಆಸುಪಾಸು. ನಗರದ ಮನೆಗೆ ಪುಕ್ಕಟೆಯಾದ ಅದೇ ಬಿಸಿನೀರು ಇವರಿಗೆ ದುಡ್ಡಿಗೆ. ಸೌದೆ ಒಲೆಯಲ್ಲಿ ಇಷ್ಟು ವರ್ಷ ಕರೆಂಟು ಉಳಿಸಿದ್ದಕ್ಕೆ ಸಿಕ್ಕ ಬಹುಮಾನ ಇದು.

ಮೂರನೆಯದು ಕುಣಿಗಲ್ ಕಡೆ ಹೊಸದಾಗಿ ಕಟ್ಟಿದ ಮನೆ, ಹೊಸ ಮೀಟರ್. ಹಳೇ ದಾಖಲೆ ಇಲ್ಲದವರಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು 58 ಯೂನಿಟ್ ಕೊಡುವುದು ಅಂತ ಯೋಜನೆ ಶುರುವಾದಾಗ ತೀರ್ಮಾನ ಆಗಿತ್ತು. ಗೀಸರೊಂದೇ ಅದನ್ನ ತಿಂದು ಮುಗಿಸುತ್ತೆ. ಇವರಿಗೆ ಸೋಲಾರ್ ಇದ್ದರೆ ಬಿಲ್ಲು ಸೊನ್ನೆಯ ಹತ್ತಿರ, ಇಲ್ಲದಿದ್ದರೆ ಪ್ರತಿ ತಿಂಗಳೂ ಬಿಲ್ಲು.

ಸೋಲಾರ್‌ನಿಂದ ನಿಜವಾಗಿ ದುಡ್ಡು ಉಳಿಯುವುದು ಎರಡನೇ, ಮೂರನೇ ಮನೆಗೆ. ಅವರ ಕೈಯಲ್ಲಿ ಒಟ್ಟಿಗೆ ಇಪ್ಪತ್ತು ಸಾವಿರ ಇರಲ್ಲ. ದುಡ್ಡಿರುವ ಮೊದಲ ಮನೆಗೆ ಉಳಿತಾಯ ಇಲ್ಲ. ಬಿಸಿಲಿನ ಜಿಲ್ಲೆಯಲ್ಲಿ ಸೋಲಾರ್ ಯಾಕೆ ಹಬ್ಬಲ್ಲ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇದೇ.

ಸೋಲಾರ್ ಹೀಟರ್ ಕೆಲಸ ಮಾಡೋದು ಹೇಗೆ, ಕೈಕೊಡೋದು ಎಲ್ಲಿ

ತುಮಕೂರಿನ ಅಕ್ಷಾಂಶದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್‌ಗೂ ಹೆಚ್ಚು ಶಾಖ ಬೀಳುತ್ತೆ. ಎರಡು ಚದರ ಮೀಟರ್ ಅಂದರೆ 10 ಯೂನಿಟ್. ಹೀಟರ್ ಅದರಲ್ಲಿ ಸುಮಾರು ಅರ್ಧ ಹಿಡಿದರೂ 100 ಲೀಟರ್ ನೀರು ಸ್ನಾನಕ್ಕೆ ಬೇಕಾದ್ದಕ್ಕಿಂತ ಬಿಸಿಯಾಗುತ್ತೆ. ಕರೆಂಟ್ ಮಾಡುವ ಸೋಲಾರ್ ಪ್ಯಾನೆಲ್ ಬಿಸಿಲಿನ ಐದನೇ ಒಂದು ಪಾಲು ಮಾತ್ರ ಹಿಡಿಯುತ್ತೆ. ನೀರು ಕಾಯಿಸುವ ಕೆಲಸಕ್ಕೆ ನೇರ ಹೀಟರೇ ಮೇಲು.

ಮೋಟರ್ ಬೇಕಿಲ್ಲ. ಬಿಸಿಯಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತೆ, ತಣ್ಣೀರು ಕೆಳಗಿಳಿಯುತ್ತೆ. ಟ್ಯಾಂಕಿನ ಸುತ್ತ ಫೋಮ್ ಇರುವುದರಿಂದ ನೆನ್ನೆಯ ಬಿಸಿಲು ಇವತ್ತು ಬೆಳಗ್ಗೆ ಆರಕ್ಕೂ ಉಳಿದಿರುತ್ತೆ. ಇದು ಸಣ್ಣ ಗುಣ ಅಲ್ಲ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಆದರೆ ಬೆಳಗ್ಗೆ ಆರು ಗಂಟೆಗೆ ರಾಜ್ಯದ ಗೀಸರುಗಳೆಲ್ಲ ಒಟ್ಟಿಗೆ ಆನ್ ಆದಾಗ ಅಲ್ಲಿ ಇನ್ನೂ ಬಿಸಿಲೇ ಬಂದಿರಲ್ಲ. ಆ ಹೊತ್ತಿನ ಕರೆಂಟು ಕಲ್ಲಿದ್ದಲಿಂದ, ನೀರಿನಿಂದ ಬರಬೇಕು. ಛಾವಣಿ ಮೇಲಿನ ಬಿಸಿನೀರ ಟ್ಯಾಂಕು ಒಂದು ರೀತಿ ಅಗ್ಗದ ಬ್ಯಾಟರಿ.

ಇಷ್ಟಾದರೂ ಹಳ್ಳಿಯಲ್ಲಿ ಇದು ಕೈಕೊಡುವ ಜಾಗಗಳಿವೆ. ಮಾರುವವರು ಇವನ್ನ ಮೊದಲೇ ಹೇಳಲ್ಲ.

ಒಂದು, ನೀರಿನ ಎತ್ತರ. ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು. 'ಮನೆ ಮನೆಗೆ ಗಂಗೆ'ಯ ನಲ್ಲಿ ಬಂದಿದ್ದರೂ ಅದರ ಒತ್ತಡಕ್ಕೆ ನೀರು ತಾನಾಗೇ ಛಾವಣಿಗೆ ಏರುತ್ತೆ ಅಂತ ನಂಬುವ ಹಾಗಿಲ್ಲ. ತೊಟ್ಟಿ, ಮೋಟರ್, ಸಿಂಟೆಕ್ಸ್ ಟ್ಯಾಂಕ್ ಇಲ್ಲದ ಮನೆಗೆ ಸೋಲಾರ್ ಅಂದರೆ ಇನ್ನೂ ಹತ್ತು ಸಾವಿರದ ಕೆಲಸ. ಪುರದ ಪಾಠ ಇದೇ: ಮೊದಲು ನೀರು, ಆಮೇಲೆ ಬಿಸಿನೀರು.

ಎರಡು, ಛಾವಣಿ. ಹೆಂಚಿನ ಮನೆ, ಶೀಟಿನ ಮನೆ ಮೇಲೆ ತುಂಬಿದ ಟ್ಯಾಂಕಿನ ಭಾರ ಹೊರಿಸುವ ಹಾಗಿಲ್ಲ. ಬೇರೆ ಕಬ್ಬಿಣದ ಸ್ಟ್ಯಾಂಡ್ ಬೇಕು.

ಮೂರು, ನೆರಳು. ತೆಂಗಿನ ತೋಟದ ನಡುವಿನ ಮನೆಗೆ ಬಿಸಿಲು ತುಣುಕು ತುಣುಕಾಗಿ ಬೀಳುತ್ತೆ. ಗರಿಯೋ ಕಾಯಿಯೋ ಬಿದ್ದರೆ ಗಾಜಿನ ಕೊಳವೆ ಉಳಿಯಲ್ಲ. ಕೋತಿ ಕಾಟ ಬೇರೆ. ಇಂಥ ಕಡೆ ಗಾಜಿನ ಕೊಳವೆಗಿಂತ ದಪ್ಪ ಗಾಜು ಮುಚ್ಚಿದ ತಾಮ್ರದ ತಟ್ಟೆ ಮಾದರಿ ಗಟ್ಟಿ, ಬೆಲೆ ಹೆಚ್ಚು.

ನಾಲ್ಕು, ಗಡಸು ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರ ತನಕ ಆಗಬಹುದು ಅನ್ನುತ್ತೆ ಭಾರತೀಯ ಮಾನಕ. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಪಾತ್ರೆ ತಳದ ಬಿಳಿ ಕರೆ, ನೊರೆ ಬಾರದ ಸೋಪು ಹೇಳುತ್ತವೆ. ನೀರು ಬಿಸಿಯಾದಷ್ಟೂ ಆ ಸುಣ್ಣ ಬೇಗ ಕಟ್ಟುತ್ತೆ. ತಾಮ್ರದ ಸಣ್ಣ ಕೊಳವೆ ಕಟ್ಟಿಕೊಂಡರೆ ಬಿಡಿಸುವುದು ಕಷ್ಟ, ಗಾಜಿನ ಕೊಳವೆ ತೊಳೆಯುವುದು ಸುಲಭ. ಅಂದರೆ ನೆರಳಿಗೆ, ಕೋತಿಗೆ ಹೊಂದುವ ಮಾದರಿ ಗಡಸು ನೀರಿಗೆ ಹೊಂದಲ್ಲ. ಯಾವ ಕಾಟ ಹೆಚ್ಚು ಅಂತ ನೋಡಿ ಆರಿಸಬೇಕು. ಛಾವಣಿಯ ಮಳೆನೀರನ್ನ ಸೋಸಿ ಈ ಟ್ಯಾಂಕಿಗೆ ತುಂಬಿಸಲು ಸಾಧ್ಯವಾದರೆ ಅಷ್ಟು ದಿನ ಸುಣ್ಣದ ಗೋಳಿಲ್ಲ.

ಐದು, ಪೈಪಿನ ಉದ್ದ. ಬಚ್ಚಲು ಹಿತ್ತಲಲ್ಲಿದ್ದರೆ ಛಾವಣಿಯಿಂದ ಹದಿನೈದು ಮೀಟರ್ ಪೈಪ್ ಸುಲಭವಾಗಿ ಆಗುತ್ತೆ. ಮುಕ್ಕಾಲಿಂಚಿನ ಪೈಪಾದರೆ ಪ್ರತಿ ಸಲ ನಾಲ್ಕೂವರೆ ಲೀಟರಿಗೂ ಹೆಚ್ಚು ತಣ್ಣೀರು ಹರಿದ ಮೇಲೇ ಬಿಸಿನೀರು. ಅರ್ಧ ಇಂಚಿನದಾದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಹೀಟರನ್ನೇ ಬಚ್ಚಲ ಹತ್ತಿರ ಕೂರಿಸುವುದು ಇನ್ನೂ ವಾಸಿ.

ಜೂನ್‌ನಿಂದ ಆಗಸ್ಟ್ ತನಕ ಮೋಡ ಕವಿದ ದಿನಗಳು, ನವೆಂಬರ್‌ನಲ್ಲಿ ವಾಯುಭಾರ ಕುಸಿತದ ಮಳೆ ದಿನಗಳು ಇದ್ದೇ ಇರುತ್ತವೆ. ವರ್ಷದಲ್ಲಿ ಹತ್ತು ತಿಂಗಳ ಕೆಲಸ ಅಂತ ಹಿಡಿದರೆ ಎರಡನೇ ಮನೆಗೆ, ಗೀಸರ್ ಬಿಲ್ಲಿಗೆ ಹೋಲಿಸಿದಾಗ, ವರ್ಷಕ್ಕೆ ಮೂರು ಸಾವಿರದ ಆಸುಪಾಸು ಉಳಿಯುತ್ತೆ. 20ರಿಂದ 22 ಸಾವಿರದ ಹೀಟರಿನ ಅಸಲು ಬರಲು ಏಳು ವರ್ಷ. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಬಾಳುವ ವಸ್ತುವಿಗೆ ಇದು ಒಳ್ಳೆ ಲೆಕ್ಕವೇ. ಆದರೆ "ಎರಡೇ ವರ್ಷಕ್ಕೆ ದುಡ್ಡು ವಾಪಸ್" ಅನ್ನೋ ಮಾತು ನಂಬಬೇಡಿ.

ಬೇರೆ ದಾರಿಗಳು

ಹೀಟ್ ಪಂಪ್ ಅಂತ ಒಂದಿದೆ. ಫ್ರಿಜ್ ಒಳಗಿನ ಶಾಖ ತೆಗೆದು ಹಿಂದಕ್ಕೆ ಬಿಡುತ್ತಲ್ಲ, ಅದೇ ತಂತ್ರದಲ್ಲಿ ಇದು ಗಾಳಿಯ ಶಾಖ ತೆಗೆದು ನೀರಿಗೆ ಕೊಡುತ್ತೆ. ನಮ್ಮ ಹವೆಯಲ್ಲಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಸಿಗುತ್ತೆ. ಗೀಸರಿನ 50 ಯೂನಿಟ್ 17ಕ್ಕೆ ಇಳಿಯುತ್ತೆ. ನೆರಳಿನ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಬೆಲೆ ಸೋಲಾರ್‌ಗಿಂತ ಬಹಳ ಹೆಚ್ಚು, ಕೆಟ್ಟರೆ ಮೆಕ್ಯಾನಿಕ್ ನಗರದಿಂದ ಬರಬೇಕು. ಹಾಸ್ಟೆಲ್, ಕಲ್ಯಾಣ ಮಂಟಪಕ್ಕೆ ಸರಿ, ನಾಲ್ಕು ಜನರ ಮನೆಗೆ ಇನ್ನೂ ಅಲ್ಲ.

ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಕರೆಂಟನ್ನ ವ್ಯರ್ಥ ಮಾಡಲ್ಲ, ಜೀವಕ್ಕೆ ಅಪಾಯ ಮಾಡುತ್ತೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಸ್ವಿಚ್ ಆಫ್ ಮಾಡದೆ ನೀರು ಮುಟ್ಟುವುದು ಸಾವಿಗೆ ಕೈ ಚಾಚಿದ ಹಾಗೆ. ಗ್ಯಾಸ್ ಗೀಸರನ್ನ ಕಿಟಕಿ ಇಲ್ಲದ ಬಾತ್‌ರೂಮಿನೊಳಗೆ ಇಡಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಪೂರ್ತಿ ನೆರಳಿನ, ಹೆಂಚಿನ, ಓವರ್‌ಹೆಡ್ ಟ್ಯಾಂಕಿಲ್ಲದ ಮನೆಗೆ ಇವತ್ತು ಮಾಡಬಹುದಾದ ಅಗ್ಗದ ಕೆಲಸ ಹಂಡೆ ಒಲೆಯನ್ನೇ ಸರಿಪಡಿಸುವುದು. ಹೊಗೆಕೊಳವೆ, ಕೆಳಗಿಂದ ಗಾಳಿ ಹೋಗಲು ಕಬ್ಬಿಣದ ಜಾಲರಿ, ಉರಿ ಹಂಡೆಯ ಸುತ್ತ ಸುತ್ತಿಕೊಳ್ಳುವಂತೆ ಗೋಡೆ, ಮೇಲೆ ಮುಚ್ಚಳ. ನೀರಿಗೆ ಸೇರುವ ಶಾಖ ಹದಿನೈದು ಪಾಲಿಂದ ಮೂವತ್ತಕ್ಕೆ ಏರಿದರೆ ಮಟ್ಟೆ ಅರ್ಧ ಸಾಕು. ಹೊಗೆ ಬಚ್ಚಲು ಬಿಟ್ಟು ಹೊರಗೆ ಹೋಗುತ್ತೆ. ಮಟ್ಟೆ ಉರಿಸುವುದನ್ನ ಕೂಡಲೇ ನಿಲ್ಲಿಸಲಾಗದ ಸಾವಿರಾರು ಮನೆಗಳಿವೆ, ಅವರನ್ನ ಬಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ.

ಸರ್ಕಾರ ಮಾಡಬಹುದಾದ ಎರಡು ಕೆಲಸ

ಸೋಲಾರ್ ವಾಟರ್ ಹೀಟರಿಗೆ ಇದ್ದ ಕೇಂದ್ರದ ಸಬ್ಸಿಡಿ 2014ರಲ್ಲಿ ನಿಂತುಹೋಯಿತು. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆ ಒಂದು ಕಿಲೋವಾಟ್ ಪ್ಯಾನೆಲ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲಕ್ಕೆ 78,000 ರೂಪಾಯಿ ಕೊಡುತ್ತೆ. ಕಾಂಕ್ರೀಟ್ ಛಾವಣಿ ಇರುವವರಿಗೆ ಅದು ಒಳ್ಳೆಯದೇ. ಇಪ್ಪತ್ತು ಸಾವಿರದ ನೀರಿನ ಹೀಟರಿಗೆ ಮಾತ್ರ ಏನೂ ಇಲ್ಲ.

ಮೊದಲ ಕೆಲಸ ವಿನಿಮಯ. ನಗರದ ಮನೆಯ ಗೀಸರಿನ 50 ಯೂನಿಟ್‌ಗೆ ಸರ್ಕಾರ ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿಯನ್ನ ಎಸ್ಕಾಂಗಳಿಗೆ ಕಟ್ಟುತ್ತಿದೆ. ಆರು ವರ್ಷಕ್ಕೆ 21,600. ಹೀಟರಿನ ಬೆಲೆಯೇ ಆಯಿತು. "ನಿಮ್ಮ ಉಚಿತ ಪಾಲಿನಲ್ಲಿ 40 ಯೂನಿಟ್ ಬಿಟ್ಟುಕೊಡಿ, ಸೋಲಾರ್ ಹೀಟರ್ ನಾವು ಹಾಕಿಸುತ್ತೇವೆ" ಅಂತ ಇಷ್ಟ ಇದ್ದವರಿಗೆ ಹೇಳಬಹುದು. ಯಾರ ಗ್ಯಾರಂಟಿಯನ್ನೂ ಕಿತ್ತುಕೊಂಡ ಹಾಗಾಗಲ್ಲ.

ಎರಡನೆಯದು ಸಾಲ. ಹಳ್ಳಿ ಮನೆಗೆ ಬೇಕಿರುವುದು ಭಾಷಣ ಅಲ್ಲ, ಕಂತು. 1995ರಲ್ಲಿ ಶುರುವಾದ ಸೆಲ್ಕೋ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ, ಜನರ ದುಡಿಮೆಗೆ ಹೊಂದುವ ಕಂತಿನಲ್ಲಿ ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ದೀಪ ಕೊಟ್ಟು ಇದು ಸಾಧ್ಯ ಅಂತ ತೋರಿಸಿತು. ಆ ಕೆಲಸಕ್ಕೇ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಂಜೀವಿನಿ ಸ್ವಸಹಾಯ ಸಂಘಗಳ ಮೂಲಕ ಬಡ್ಡಿ ಇಲ್ಲದೆ, ಕೊಬ್ಬರಿ ಮಾರುವ ಕಾಲಕ್ಕೆ ಕಟ್ಟುವಂತೆ ಕಂತು ಮಾಡಿ ಹೀಟರಿಗೆ ಸಾಲ ಕೊಟ್ಟರೆ, ತೀರ್ಮಾನ ಬೆಳಗ್ಗೆ ಎದ್ದು ಒಲೆ ಊದುವವರ ಕೈಗೆ ಬರುತ್ತೆ. ನನ್ನ ಪ್ರಕಾರ ಸಬ್ಸಿಡಿಗಿಂತ ಇದು ಮುಖ್ಯ.

ಅದಾಗುವ ತನಕ ಹೀಟರ್ ಕೊಳ್ಳುವ ಯೋಚನೆ ಇರುವವರು ಅಂಗಡಿಗೆ ಹೋಗುವ ಮೊದಲು ಮೂರು ಕೆಲಸ ಮಾಡಿ. ಕರೆಂಟ್ ಬಿಲ್ಲು ತೆಗೆದು ನಿಮ್ಮ ಉಚಿತ ಪಾಲು ಎಷ್ಟು ಅಂತ ನೋಡಿ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ತನಕ ಛಾವಣಿ ಮೇಲೆ ನೆರಳು ಎಲ್ಲೆಲ್ಲಿ ಬೀಳುತ್ತೆ ಅಂತ ಗುರುತು ಹಾಕಿ. ಆಮೇಲೆ ಮನೆಯಲ್ಲಿ ನೀರು ಕಾಯಿಸುವವರನ್ನ ಕೂರಿಸಿಕೊಂಡು, ಈಗಿನ ಬಿಸಿನೀರಿಗೆ ದಿನಕ್ಕೆ ಎಷ್ಟು ಹೊತ್ತು ಹೋಗುತ್ತೆ ಅಂತ ಕೇಳಿ. ಮೊದಲ ಎರಡು ಸಂಖ್ಯೆ ಹೀಟರ್ ಯಾವುದು ಅಂತ ಹೇಳುತ್ತವೆ. ಬೇಕೋ ಬೇಡವೋ ಅನ್ನೋದನ್ನ ಹೇಳುವುದು ಮೂರನೆಯದು.